ಅಂಗಳದಿಂದ ಬೀದಿಗೆ ಇಳಿದ ರಂಗೋಲಿ

ಬೆಳಗಿನ ಜಾವ ಎದ್ದು ಅಂಗಳ ಗುಡಿಸಿ, ನೀರಿನ ಥಳಿ ಹೊಡೆದು, ಹೊಸ್ತಿಲ ಮುಂದೆ ನಾಲ್ಕು ಎಳೆ ರಂಗೋಲಿ ಹಾಕುವುದು ನಮ್ಮ ಹೆಣ್ಣುಮಕ್ಕಳಿಗೆ ನಿತ್ಯದ ಕೆಲಸ. ಅದಕ್ಕೊಂದು ಹೆಸರಿಟ್ಟು ಕಲೆ ಎಂದು ಕರೆಯಬೇಕೆಂದು ಯಾರಿಗೂ ಅನ್ನಿಸಿದ್ದಿಲ್ಲ. ಸಂಜೆಯ ಹೊತ್ತಿಗೆ ಅದು ಅಳಿಸಿಹೋಗುತ್ತದೆ, ಮರುದಿನ ಮತ್ತೆ ಮೂಡುತ್ತದೆ. ಆದರೆ ಆ ಚಿತ್ರಕ್ಕೆ ಒಂದು ವಿಶೇಷ ಶಕ್ತಿಯಿದೆ. ದಾರಿಹೋಕ ಅದನ್ನು ತುಳಿಯುವುದಿಲ್ಲ. ಎಷ್ಟೇ ಅವಸರದಲ್ಲಿದ್ದರೂ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು ಹೋಗುತ್ತಾನೆ. ಅಲ್ಲಿ ಬೇಲಿಯಿಲ್ಲ, ಫಲಕವಿಲ್ಲ, ಪೊಲೀಸರಿಲ್ಲ. ನೆಲದ ಮೇಲಿನ ಬಿಳಿ ಪುಡಿಯ ಗೆರೆಯೊಂದು ನಡೆಯುವವನ ನಡಿಗೆಯನ್ನೇ ಬದಲಿಸುತ್ತದೆ.

ಕಳೆದ ಮೂವತ್ತು ವರ್ಷಗಳಲ್ಲಿ ಜಗತ್ತಿನ ಹಲವು ನಗರಗಳ ಜನ ಈ ಶಕ್ತಿಯನ್ನು ಬೇರೊಂದು ದಾರಿಯಿಂದ ಕಂಡುಕೊಂಡಿದ್ದಾರೆ. ತಮ್ಮ ಬೀದಿ ಕೂಡುವ ಜಾಗದಲ್ಲಿ, ಶಾಲೆಯ ಮುಂದೆ, ಮಕ್ಕಳು ದಾಟುವ ತಿರುವಿನಲ್ಲಿ, ನೆರೆಹೊರೆಯವರೆಲ್ಲ ಸೇರಿ ರಸ್ತೆಯ ಮೇಲೆಯೇ ದೊಡ್ಡ ಚಿತ್ರ ಬರೆಯುವುದು ಅಲ್ಲಿ ಒಂದು ರೂಢಿಯಾಗಿ ಬೆಳೆದಿದೆ. ಉದ್ದೇಶ ಎರಡು: ವಾಹನದ ವೇಗ ತಗ್ಗಬೇಕು, ಮುಖ ನೋಡಿ ಮಾತಾಡದೆ ಬದುಕುವ ನೆರೆಯವರು ಒಬ್ಬರನ್ನೊಬ್ಬರು ಅರಿಯಬೇಕು. ಬಣ್ಣದಿಂದ ಇಷ್ಟೆಲ್ಲ ಆಗುವುದುಂಟೆ? ಆಗುವುದಾದರೆ ಹೇಗೆ, ಎಲ್ಲಿ, ಎಷ್ಟರಮಟ್ಟಿಗೆ? ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಕೇಳಿಕೊಂಡರೆ ಉತ್ತರ ಇನ್ನಷ್ಟು ಸ್ಪಷ್ಟವಾಗುತ್ತದೆ.

ಮೂರು ಊರು, ಒಂದು ಹೆದ್ದಾರಿ

ಈ ಮೂರು ಊರುಗಳೂ ಒಂದೇ ದಾರಕ್ಕೆ ಪೋಣಿಸಿದಂತೆ ಇವೆ. ಜೇವರ್ಗಿಯಿಂದ ಹೊರಟು ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿಗಳನ್ನು ದಾಟಿ ಚಾಮರಾಜನಗರದವರೆಗೆ ಹೋಗುವ 150ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯೇ ಆ ದಾರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಮೇಲೆ ಸಿಂಧನೂರು ಭತ್ತದ ಊರಾಯಿತು, ಅಕ್ಕಿ ಗಿರಣಿಗಳು ಎದ್ದವು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯಿದೆ. ಇತ್ತೀಚಿನ ವರ್ಷಗಳಲ್ಲಿ ಮಸ್ಕಿಯೂ ತಾಲ್ಲೂಕು ಕೇಂದ್ರವಾಗಿದೆ. ಲಾರಿ, ಟ್ರ್ಯಾಕ್ಟರ್, ಬಸ್ಸು, ಟಂಟಂ, ಲೆಕ್ಕವಿಲ್ಲದಷ್ಟು ಬೈಕುಗಳು ಎಲ್ಲವೂ ಈ ರಸ್ತೆಗೇ ಬಂದು ಸೇರುತ್ತವೆ. ರಸ್ತೆ ಅಗಲವಾದಂತೆ, ನುಣುಪಾದಂತೆ ವೇಗವೂ ಏರುತ್ತದೆ. ಹೆದ್ದಾರಿಯಲ್ಲಿ ಹಿಡಿದ ಆ ವೇಗ ಊರೊಳಗಿನ ಓಣಿಗೆ ತಿರುಗಿದ ಕೂಡಲೇ ಇಳಿಯುವುದಿಲ್ಲ. ಸಮಸ್ಯೆ ಹುಟ್ಟುವುದು ಅಲ್ಲಿಯೇ.

ದೇಶದ ಲೆಕ್ಕ ಇನ್ನೂ ಗಾಬರಿ ಹುಟ್ಟಿಸುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಯಾವ ವಾಹನದಲ್ಲಿಯೂ ಇರಲಿಲ್ಲ, ಕಾಲ್ನಡಿಗೆಯಲ್ಲಿದ್ದರು. ಹತ್ತು ಸಾವಿನಲ್ಲಿ ಏಳಕ್ಕೆ ಮಿತಿಮೀರಿದ ವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ.

ವೇಗದ ಲೆಕ್ಕ

ವೇಗ ಸ್ವಲ್ಪ ಹೆಚ್ಚಾದರೆ ಅಪಾಯವೂ ಸ್ವಲ್ಪವೇ ಹೆಚ್ಚುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ತಪ್ಪು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿನಲ್ಲಿ 10 ಮೀಟರ್ ದಾಟುತ್ತದೆ. ಸವಾರನ ಕಣ್ಣಿಗೆ ಮಗುವೊಂದು ಬಿದ್ದು, ಅವನ ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಆಮೇಲೆ ಬ್ರೇಕು ಹಿಡಿದು ಬೈಕು ನಿಲ್ಲಲು ಒಳ್ಳೆಯ ರಸ್ತೆಯಲ್ಲಿಯೂ ಇನ್ನೂ ಸುಮಾರು 10 ಮೀಟರ್ ಬೇಕು. ಒಟ್ಟು 20 ಮೀಟರ್. ಈಗ ವೇಗವನ್ನು 54 ಕಿಲೋಮೀಟರ್‌ಗೆ ಏರಿಸಿ ನೋಡಿ. ಮೊದಲ ಸೆಕೆಂಡಿನಲ್ಲಿಯೇ 15 ಮೀಟರ್ ಕಳೆಯುತ್ತದೆ, ನಿಲ್ಲಲು ಇನ್ನೂ 22 ಮೀಟರ್‌ಗೂ ಹೆಚ್ಚು ಬೇಕಾಗುತ್ತದೆ. ವೇಗ ಒಂದೂವರೆ ಪಟ್ಟಾದರೆ ನಿಲ್ಲುವ ದೂರ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಮೊದಲ ಬೈಕು ಸಂಪೂರ್ಣ ನಿಂತ ಜಾಗವನ್ನು ಎರಡನೆಯದು ಇನ್ನೂ ಭರದಿಂದಲೇ ದಾಟುತ್ತಿರುತ್ತದೆ.

ಪೆಟ್ಟಿನ ಬಲವಂತೂ ವೇಗದ ವರ್ಗದಂತೆ ಏರುತ್ತದೆ. 30 ಕಿಲೋಮೀಟರ್ ವೇಗದ ಪೆಟ್ಟಿಗಿಂತ 60 ಕಿಲೋಮೀಟರ್ ವೇಗದ ಪೆಟ್ಟು ನಾಲ್ಕು ಪಟ್ಟು ಬಲವಾದದ್ದು. ಆದ್ದರಿಂದಲೇ ಮನೆಗಳ ನಡುವಿನ ರಸ್ತೆಯಲ್ಲಿ ವೇಗ 30ನ್ನು ಮೀರಬಾರದೆಂದು ಬಲ್ಲವರು ಹೇಳುವುದು. ಆ ಮಿತಿಯೊಳಗೆ ಪೆಟ್ಟು ತಿಂದವರು ಬದುಕುವ ಸಂಭವ ಹೆಚ್ಚು, ಅದನ್ನು ಮೀರಿದಂತೆ ಆ ಸಂಭವ ಬೇಗನೆ ಕುಸಿಯುತ್ತದೆ.

ಹಂಪಿನ ಮಿತಿ

ವೇಗ ತಗ್ಗಿಸಲು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ ಒಂದೇ, ಹಂಪು. ಓಣಿಯಲ್ಲಿ ಯಾರಿಗಾದರೂ ಅಪಘಾತವಾದರೆ ಅಂದು ರಾತ್ರಿಯೇ ಸಿಮೆಂಟು, ಜಲ್ಲಿ ತಂದು ದಿಬ್ಬ ಕಟ್ಟಿಬಿಡುತ್ತಾರೆ. ಜನರ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಹಂಪಿಗೂ ಒಂದು ಶಾಸ್ತ್ರವಿದೆ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಹೊರತಂದ ಸೂಚನೆಯಂತೆ ಅದು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಹೀಗಿದ್ದರೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ತೊಂದರೆಯಿಲ್ಲ, ಅದಕ್ಕಿಂತ ಜೋರಾಗಿ ಬರುವವನಿಗೆ ಮಾತ್ರ ಕುಲುಕು. ರಾತ್ರೋರಾತ್ರಿ ಏಳುವ ಹಂಪು ಅಡ್ಡಗೋಡೆಯಂತೆ ಕಿರಿದಾಗಿ, ಕಡಿದಾಗಿ ಇರುತ್ತದೆ. ಅದರ ಮೇಲೆ ಬಣ್ಣವಿಲ್ಲ, ಮುಂಚೆ ಎಚ್ಚರಿಸುವ ಫಲಕವಿಲ್ಲ. ಕತ್ತಲಲ್ಲಿ ಬಂದ ಬೈಕಿನವನು ಅಲ್ಲಿಯೇ ಬೀಳುತ್ತಾನೆ. ಹೆರಿಗೆಗೆ ಹೊರಟ ಹೆಣ್ಣುಮಗಳನ್ನು ಹೊತ್ತ ಆಂಬುಲೆನ್ಸು ಒಂದೊಂದು ದಿಬ್ಬಕ್ಕೂ ಕುಕ್ಕರಿಸುತ್ತ ಸಾಗುತ್ತದೆ. ಜೀವ ಉಳಿಸಲು ಕಟ್ಟಿದ್ದೇ ಜೀವಕ್ಕೆ ಸಂಚಕಾರವಾಗುತ್ತದೆ.

ಹಂಪು ವಾಹನದ ಚಕ್ರವನ್ನು ತಡೆಯುತ್ತದೆ, ಚಾಲಕನ ಮನಸ್ಸನ್ನು ಮುಟ್ಟುವುದಿಲ್ಲ. ದಾಟಿದ ಕೂಡಲೇ ಅವನು ಮತ್ತೆ ವೇಗ ಹಿಡಿಯುತ್ತಾನೆ. ಮನಸ್ಸನ್ನು ಮುಟ್ಟುವ ಬಗೆ ಬೇರೆಯೇ ಇರಬೇಕು ಎಂಬ ವಿಚಾರ ಬೆಳೆದದ್ದು ಯೂರೋಪಿನಲ್ಲಿ.

ಡೆಲ್ಫ್ಟಿನಿಂದ ಪೋರ್ಟ್‌ಲೆಂಡಿಗೆ

ನೆದರ್ಲೆಂಡ್ಸ್ ಇಂದು ಸೈಕಲ್ಲುಗಳ ನಾಡೆಂದು ಹೆಸರಾಗಿದೆ. ಆದರೆ ಅಲ್ಲಿ 1971ರ ಒಂದೇ ವರ್ಷದಲ್ಲಿ ಸುಮಾರು 3,300 ಜನ ರಸ್ತೆಯಲ್ಲಿ ಸತ್ತಿದ್ದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ಬೀದಿಗಿಳಿದರು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬುದೇ ಆ ಚಳವಳಿಯ ಹೆಸರು. ಅದೇ ಹೊತ್ತಿಗೆ ಡೆಲ್ಫ್ಟ್ ಎಂಬ ಊರಿನಲ್ಲಿ ಮನೆಗಳ ನಡುವಿನ ರಸ್ತೆಯ ರೂಪವನ್ನೇ ಬದಲಿಸುವ ಪ್ರಯೋಗ ನಡೆದಿತ್ತು. ನೇರ ರಸ್ತೆಯನ್ನು ಅಂಕುಡೊಂಕು ಮಾಡಿ, ನಡುವೆ ಗಿಡ, ಕಲ್ಲುಬೆಂಚು ಇಟ್ಟು, ವಾಹನ ಅತಿಥಿಯಂತೆ ಮೆಲ್ಲಗೆ ಬರುವಂತೆ ಮಾಡಿದರು. ಅಂಥ ಬೀದಿಗೆ ಡಚ್ ಭಾಷೆಯಲ್ಲಿ ‘ವೂನರ್ಫ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ವಾಸದ ಅಂಗಳ’. 1976ರಲ್ಲಿ ಅಲ್ಲಿನ ಸರಕಾರ ಅದಕ್ಕೆ ಕಾನೂನಿನ ಮನ್ನಣೆ ನೀಡಿತು.

ಅಮೆರಿಕದಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರಶಾಸ್ತ್ರಜ್ಞ ಇನ್ನೊಂದು ಕೋನದಿಂದ ನೋಡಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೇ ತೆರನ ಮನೆಗಳಿದ್ದ, ವಾಹನ ಸಂಚಾರ ಮಾತ್ರ ಬೇರೆಬೇರೆಯಾಗಿದ್ದ ಮೂರು ಬೀದಿಗಳನ್ನು ಆರಿಸಿಕೊಂಡು ಅಲ್ಲಿನ ಜನರನ್ನು ಮಾತಾಡಿಸಿದರು. ದಿನಕ್ಕೆ ಸುಮಾರು 2,000 ವಾಹನ ಓಡಾಡುವ ಬೀದಿಯಲ್ಲಿ ಒಬ್ಬೊಬ್ಬರಿಗೂ ಅದೇ ಬೀದಿಯಲ್ಲಿ ಸರಾಸರಿ 3 ಗೆಳೆಯರಿದ್ದರು. 16,000 ವಾಹನಗಳ ಬೀದಿಯಲ್ಲಿ ಆ ಸಂಖ್ಯೆ 0.9. ಮೊದಲ ಬೀದಿಯವರು ಇಡೀ ಬೀದಿಯನ್ನೇ ತಮ್ಮದೆಂದರು, ಕೊನೆಯ ಬೀದಿಯವರು ತಮ್ಮ ಮನೆಯ ಬಾಗಿಲಿನಾಚೆ ತಮ್ಮದೇನೂ ಇಲ್ಲ ಎಂಬಂತೆ ಬದುಕುತ್ತಿದ್ದರು. ವಾಹನಗಳು ಕೈಕಾಲು ಮುರಿಯುವುದಷ್ಟೇ ಅಲ್ಲ, ನೆರೆಹೊರೆಯ ಸಂಬಂಧವನ್ನೂ ಮುರಿಯುತ್ತವೆ ಎಂಬುದಕ್ಕೆ ಅದು ಪುರಾವೆಯಾಯಿತು. ಈ ಅಧ್ಯಯನವನ್ನು ಒಳಗೊಂಡ ಅವರ ಪುಸ್ತಕ 1981ರಲ್ಲಿ ಪ್ರಕಟವಾಯಿತು. ಮರುವರ್ಷವೇ ಅಥೆನ್ಸ್ ನಗರದಲ್ಲಿ ವೇಗವಾಗಿ ಬಂದ ಕಾರೊಂದು ಬಡಿದು ಆಪಲ್‌ಯಾರ್ಡ್ ತೀರಿಕೊಂಡರು.

ಬಣ್ಣದ ಕತೆ ಶುರುವಾಗುವುದು 1996ರಲ್ಲಿ, ಅಮೆರಿಕದ ಪೋರ್ಟ್‌ಲೆಂಡ್ ನಗರದ ಸೆಲ್‌ವುಡ್ ಎಂಬ ಬಡಾವಣೆಯಲ್ಲಿ. ಎರಡು ಸಣ್ಣ ಬೀದಿಗಳು ಕೂಡುವ ಚೌಕಿನಲ್ಲಿ ಅಲ್ಲಿನ ನಿವಾಸಿಗಳು ಮಾರ್ಕ್ ಲೇಕ್‌ಮನ್ ಎಂಬ ವಾಸ್ತುಶಿಲ್ಪಿಯ ಜತೆಗೂಡಿ ನೆಲದ ಮೇಲೆ ದೊಡ್ಡ ಚಿತ್ರ ಬರೆದರು. ಮೂಲೆಗಳಲ್ಲಿ ಚಹಾ ಕುಡಿಯುವ ತಾಣ, ಪುಸ್ತಕದ ಕಪಾಟು, ಮಕ್ಕಳ ಆಟದ ಗೂಡು ಎದ್ದವು. ನಗರಾಡಳಿತ ಮೊದಲು ಒಪ್ಪಲಿಲ್ಲ. ಸಾರ್ವಜನಿಕ ರಸ್ತೆಯನ್ನು ಜನ ತಮ್ಮಿಚ್ಛೆಯಂತೆ ಬಳಸುವುದೆಂದರೇನು ಎಂಬುದು ಅಧಿಕಾರಿಗಳ ವಾದ. ಜನ ಪಟ್ಟು ಬಿಡಲಿಲ್ಲ. ಕೆಲವೇ ವರ್ಷಗಳಲ್ಲಿ ನಗರಸಭೆ ಮನಸ್ಸು ಬದಲಿಸಿ, ಸುತ್ತಲಿನವರ ಒಪ್ಪಿಗೆ ಪಡೆದು ಇಂಥ ಚಿತ್ರ ಬರೆಯಬಹುದೆಂದು ನಿಯಮವನ್ನೇ ಮಾಡಿತು. ಇಂದು ಆ ನಗರದಲ್ಲಿ ಇಂಥ ಚೌಕುಗಳು ಹತ್ತಾರಿವೆ.

ಬಣ್ಣ ಕೆಲಸ ಮಾಡುವ ಬಗೆ

ನುಣುಪಾದ ಕಪ್ಪು ರಸ್ತೆ ಚಾಲಕನಿಗೆ ‘ಇದು ನಿನ್ನದೇ ದಾರಿ, ಹೊರಡು’ ಎನ್ನುತ್ತದೆ. ಅದರ ಮೇಲೆ ಬಣ್ಣದ ವೃತ್ತವೊಂದು ಕಂಡರೆ ಅವನ ಕಣ್ಣು ಅದನ್ನು ಓದಲು ತೊಡಗುತ್ತದೆ, ಕಾಲು ತಾನಾಗಿ ಸಡಿಲಗೊಳ್ಳುತ್ತದೆ. ಇಲ್ಲಿ ಯಾರೋ ವಾಸವಾಗಿದ್ದಾರೆ, ಮಕ್ಕಳಿದ್ದಾರೆ ಎಂಬ ಸೂಚನೆ ಸಿಗುತ್ತದೆ. ತಿರುವಿನ ಮೂಲೆಗಳಿಗೂ ಬಣ್ಣ ಬಳಿದರೆ ರಸ್ತೆ ಇದ್ದುದಕ್ಕಿಂತ ಕಿರಿದಾಗಿ ಕಾಣುತ್ತದೆ, ವಾಹನ ಮೂಲೆಯನ್ನು ಸವರಿಕೊಂಡು ಹೋಗದೆ ಬಳಸಿ ತಿರುಗುತ್ತದೆ.

ಕಣ್ಣಿನ ಈ ಗುಣವನ್ನು ಎಂಜಿನಿಯರುಗಳು ಮೊದಲಿನಿಂದಲೂ ಬಳಸಿದ್ದಾರೆ. ಬ್ರಿಟನ್ನಿನಲ್ಲಿ 1951ರಲ್ಲಿ ಬಂದ ಜೀಬ್ರಾ ಪಟ್ಟೆ ಬಣ್ಣವಲ್ಲದೆ ಬೇರೇನೂ ಅಲ್ಲ. ಅದೇ ದೇಶದಲ್ಲಿ 1970ರ ದಶಕದಲ್ಲಿ ವೃತ್ತಗಳ ಮುಂಚೆ ರಸ್ತೆಗೆ ಅಡ್ಡವಾಗಿ ಹಳದಿ ಪಟ್ಟಿ ಎಳೆದು, ಪಟ್ಟಿಗಳ ನಡುವಿನ ಅಂತರ ಕಡಿಮೆಯಾಗುತ್ತ ಹೋಗುವಂತೆ ಮಾಡಿದರು. ವೇಗ ಹೆಚ್ಚುತ್ತಿದೆಯೆಂದು ಭ್ರಮಿಸಿ ಚಾಲಕ ಬ್ರೇಕು ಹಿಡಿಯುತ್ತಾನೆ.

ಪರಿಣಾಮವನ್ನು ಅಳೆದದ್ದೂ ಉಂಟು. ಅಮೆರಿಕದ ಬ್ಲೂಮ್‌ಬರ್ಗ್ ಸಂಸ್ಥೆಯ ಪರವಾಗಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ದೇಶದ 17 ಸ್ಥಳಗಳಲ್ಲಿ ಚಿತ್ರ ಬರೆಯುವುದಕ್ಕೆ ಮುಂಚಿನ ಮತ್ತು ನಂತರದ ಅಪಘಾತಗಳನ್ನು ಹೋಲಿಸಿತು. ಪಾದಚಾರಿಗಳು ಮತ್ತು ಸೈಕಲ್ ಸವಾರರು ಸಿಲುಕುವ ಅಪಘಾತಗಳ ಪ್ರಮಾಣ ಅರ್ಧಕ್ಕೆ ಇಳಿದಿತ್ತು, ಗಾಯವಾಗುವ ಅಪಘಾತಗಳು ಶೇ. 37ರಷ್ಟು ತಗ್ಗಿದ್ದವು. ಈ ಅಂಕಿಗಳನ್ನು ಹಿಗ್ಗಿ ನಂಬುವಂತಿಲ್ಲ. ಸ್ಥಳಗಳು ಕಡಿಮೆ, ಕೆಲವೆಡೆ ಬಣ್ಣದ ಜತೆಗೆ ರಸ್ತೆಯನ್ನು ಕಿರಿದು ಮಾಡುವಂಥ ಬೇರೆ ಕೆಲಸಗಳೂ ಆಗಿದ್ದವು. ಅದೇ ದೇಶದ ಹೆದ್ದಾರಿ ಇಲಾಖೆ ಇಂಥ ಚಿತ್ರಗಳ ಬಗ್ಗೆ ಅನುಮಾನವನ್ನು ಇಟ್ಟುಕೊಂಡೇ ಬಂದಿದೆ. ಚಿತ್ರ ಚಾಲಕನ ಗಮನ ಬೇರೆಡೆ ಸೆಳೆಯಬಹುದು, ಜೀಬ್ರಾ ಪಟ್ಟೆಯ ಅರ್ಥವನ್ನು ಮಸುಕು ಮಾಡಬಹುದು ಎಂಬುದು ಅದರ ಅಳುಕು. ಎರಡೂ ಕಡೆ ನ್ಯಾಯವಿದೆ. ಸಣ್ಣ ಬೀದಿಯಲ್ಲಿ ಗುಣ ಕೊಡುವ ಮದ್ದು ದೊಡ್ಡ ರಸ್ತೆಯಲ್ಲಿ ಅಪಥ್ಯವಾಗಬಹುದು.

ಅಹಮದಾಬಾದಿನಲ್ಲಿ ತಾಯಿ ಮಗಳು ಇಬ್ಬರು ಕಲಾವಿದರು ರಸ್ತೆಯಿಂದ ಮೇಲೆದ್ದ ಕಂಬಗಳಂತೆ ಕಾಣುವ ಜೀಬ್ರಾ ಪಟ್ಟೆಗಳನ್ನು ಬರೆದದ್ದು 2016ರಲ್ಲಿ ದೇಶದ ಗಮನ ಸೆಳೆಯಿತು. ಇಂಥ ಕಣ್ಕಟ್ಟಿಗೂ ಒಂದು ಮಿತಿಯಿದೆ. ಮೊದಲ ಸಲ ಕಂಡವನು ಹೌಹಾರಿ ಬ್ರೇಕು ಹಾಕುತ್ತಾನೆ, ಹಿಂದಿನವನು ಬಂದು ಗುದ್ದಬಹುದು. ಹತ್ತನೆಯ ಸಲ ಕಂಡವನಿಗೆ ಗುಟ್ಟು ಗೊತ್ತಾಗಿರುತ್ತದೆ, ಅವನು ನಿಲ್ಲುವುದಿಲ್ಲ. ಚಾಲಕನನ್ನು ಹೆದರಿಸುವ ಚಿತ್ರಕ್ಕಿಂತ ಅವನಿಗೆ ಬೀದಿಯನ್ನು ಪರಿಚಯಿಸುವ ಚಿತ್ರ ಹೆಚ್ಚು ಬಾಳುತ್ತದೆ.

ಬೆಂಗಳೂರಿನ ಮೊಸಳೆ

ಕರ್ನಾಟಕದಲ್ಲಿ ರಸ್ತೆಯ ಮೇಲಿನ ಚಿತ್ರ ಎಂದ ಕೂಡಲೇ ನೆನಪಾಗುವ ಹೆಸರು ಬಾದಲ್ ನಂಜುಂಡಸ್ವಾಮಿ ಅವರದು. ಮೈಸೂರಿನವರು, ಅಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತವರು. 2015ರ ಜೂನಿನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ತುಂಬಿ ಹೊಂಡವಾಗಿದ್ದ ರಸ್ತೆಗುಂಡಿಗೆ ಅವರು ಹಸಿರು ಬಣ್ಣ ಬಳಿದು, ನಿಜವೆಂದೇ ಕಾಣುವ ಮೊಸಳೆಯ ಆಕೃತಿಯೊಂದನ್ನು ತಂದಿಟ್ಟರು. ಊರೆಲ್ಲ ನಕ್ಕಿತು, ಗುಂಡಿ ಮುಚ್ಚುವ ಕೆಲಸಕ್ಕೆ ಚಾಲನೆ ಸಿಕ್ಕಿತು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2 ಚಂದ್ರನ ಸಮೀಪ ತಲುಪಿದ್ದ ದಿನಗಳಲ್ಲಿ ಹೇರೋಹಳ್ಳಿ ಬಳಿಯ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿಯ ವೇಷ ತೊಟ್ಟ ನಟನೊಬ್ಬನನ್ನು ನಡೆಸಿ ಚಿತ್ರೀಕರಿಸಿದರು. ಚಂದ್ರನ ಮೇಲಿನ ನಡಿಗೆಯೆಂದೇ ನಂಬಿ ನೋಡುತ್ತಿದ್ದವರಿಗೆ ಪಕ್ಕದಲ್ಲಿ ಆಟೋ ಹಾದುಹೋದಾಗಲೇ ನಿಜ ತಿಳಿದದ್ದು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಬೆನ್ನಿಗೇ ದುರಸ್ತಿಗೆ ಇಳಿಯಿತು.

ಅದೇ ನಗರದಲ್ಲಿ 2010ರ ಸುಮಾರಿಗೆ ಹುಟ್ಟಿದ ‘ದಿ ಅಗ್ಲಿ ಇಂಡಿಯನ್’ ಎಂಬ ಗುಂಪಿನವರು ತಮ್ಮ ಹೆಸರು ಹೇಳಿಕೊಳ್ಳದೆ, ಕಸ ಬೀಳುವ ಮೂಲೆಗಳನ್ನು ಗುಡಿಸಿ, ಗೋಡೆಗೆ ಕಾವಿ ಬಣ್ಣ ಬಳಿದು, ಮೇಲ್ಸೇತುವೆಯ ಕಂಬಗಳಿಗೆ ರೇಖಾಚಿತ್ರ ಬರೆದರು. ಅವರ ಅನುಭವದ ತಿರುಳು ಸರಳವಾದದ್ದು: ಬಣ್ಣ ಕಂಡ ಮೂಲೆಯಲ್ಲಿ ಉಗುಳಲು, ಕಸ ಎಸೆಯಲು ಜನ ಹಿಂಜರಿಯುತ್ತಾರೆ.

ಈ ಎರಡು ಬಗೆಗಳ ನಡುವಿನ ವ್ಯತ್ಯಾಸ ಗಮನಿಸಬೇಕು. ಬಾದಲ್ ಅವರದು ದೂರು ಹೇಳುವ ಚಿತ್ರ. ಕೆಲಸ ಆದಮೇಲೆ ಅದರ ಅಗತ್ಯ ಮುಗಿಯುತ್ತದೆ, ಅದು ಅಳಿಯುವುದೇ ಅದರ ಗೆಲುವು. ಕಾವಿ ಬಳಿದವರದು ಕಾಯುವ ಚಿತ್ರ. ಅದು ಉಳಿಯಬೇಕಾದರೆ ಯಾರಾದರೂ ಮತ್ತೆ ಮತ್ತೆ ಬಂದು ಬಳಿಯಬೇಕು. ವೇಗ ತಗ್ಗಿಸುವ ಬೀದಿಚಿತ್ರ ಈ ಎರಡನೆಯ ಜಾತಿಗೆ ಸೇರಿದ್ದು.

ಬಂಡೆ, ಅಂಗಳ, ಅಲಾಯಿ

ಹತ್ತು ಜನ ಓಡಾಡುವ ಜಾಗದಲ್ಲಿ ಗುರುತು ಮೂಡಿಸುವ ಕೆಲಸ ರಾಯಚೂರು ಸೀಮೆಗೆ ಹೊಸದಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಹತ್ತಿರವಿರುವ ಪಿಕ್ಲಿಹಾಳದ ಬಂಡೆಗಳ ಮೇಲೆ ಹೊಸ ಶಿಲಾಯುಗದ ದನಗಾಹಿಗಳು ದನಗಳ ಚಿತ್ರ ಬಿಟ್ಟುಹೋಗಿದ್ದಾರೆ. ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಅವರ ಪಿಕ್ಲಿಹಾಳ ಉತ್ಖನನದ ವರದಿ 1960ರಲ್ಲಿ ಪ್ರಕಟವಾಯಿತು. ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಅದನ್ನು ಕಂಡರು. ‘ದೇವಾನಾಂಪ್ರಿಯ’ ಎಂಬ ಬಿರುದಿನೊಂದಿಗೆ ‘ಅಶೋಕ’ ಎಂಬ ಹೆಸರೂ ಕೂಡಿ ಸಿಕ್ಕಿದ್ದು ಅಲ್ಲಿಯೇ ಮೊದಲು. ದಾರಿಹೋಕರಿಗೆ ತಲುಪಲೆಂದು ಅರಸ ಬಂಡೆಯ ಮೇಲೆ ಕಡೆಸಿದ ಮಾತು ಎರಡು ಸಾವಿರದ ಇನ್ನೂರು ವರ್ಷ ದಾಟಿ ಉಳಿದಿದೆ. ಅದೇ ಬೆಟ್ಟದ ಕೆಳಗೆ ಮನೆಮನೆಯ ಮುಂದೆ ಹಾಕುವ ರಂಗೋಲಿ ಸಂಜೆಗೆ ಅಳಿಯುತ್ತದೆ. ಬೀದಿಯ ಬಣ್ಣ ಇವೆರಡರ ನಡುವಿನದು, ಅದರ ಆಯಸ್ಸು ಒಂದೆರಡು ವರ್ಷ.

ಬೀದಿಯನ್ನು ಜನ ತಮ್ಮದೆಂದು ಬಳಸುವ ರೂಢಿಯೂ ಇಲ್ಲಿ ಆಳವಾಗಿದೆ. ಮುದಗಲ್ಲಿನ ಮೊಹರಂ ನಾಡಿಗೇ ಹೆಸರಾದದ್ದು. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಮುಸ್ಲಿಮರೂ ಹಿಂದೂಗಳೂ ಇರುತ್ತಾರೆ. ಜಾತ್ರೆಯ ದಿನ ತೇರು ಸಾಗುವ ಬೀದಿಯಲ್ಲಿ ವಾಹನಕ್ಕೆ ಜಾಗವಿಲ್ಲ. ಮದುವೆಯ ಹಂದರ, ಹೋಳಿಯ ಕಾಮನ ಸೌದೆ, ಬೇಸಗೆ ರಾತ್ರಿಯ ಹೊರಸು, ಕಟ್ಟೆಯ ಮೇಲಿನ ಹರಟೆ, ಇವೆಲ್ಲ ನಡೆಯುತ್ತಿದ್ದದ್ದು ಓಣಿಯಲ್ಲಿಯೇ. ಓಣಿ ಎಂದರೆ ದಾರಿಯಷ್ಟೇ ಆಗಿರಲಿಲ್ಲ, ಹಲವು ಮನೆಗಳ ಕೂಡು ಅಂಗಳವಾಗಿತ್ತು. ಡಚ್ಚರು ಕಾನೂನು ಮಾಡಿ ಮರಳಿ ಪಡೆದದ್ದು ನಮ್ಮಲ್ಲಿ ನೆನಪಿನಿಂದ ಇನ್ನೂ ಪೂರ್ತಿ ಮಾಸಿಲ್ಲ.

ಯಾರ ಓಣಿ, ಯಾರ ಚಿತ್ರ?

ಆದರೆ ಈ ನೆನಪನ್ನು ಬಂಗಾರದ ಬಣ್ಣದಲ್ಲಿ ಮಾತ್ರ ನೋಡಬಾರದು. ನಮ್ಮ ಓಣಿಗಳು ಜಾತಿಯ ಗೆರೆಯ ಮೇಲೆ ಬೆಳೆದವು. ಎಲ್ಲರ ಬೀದಿಯಲ್ಲಿ ಎಲ್ಲರೂ ನಡೆಯುವಂತಿರಲಿಲ್ಲ. ಕೇರಿಯವರು ಚಪ್ಪಲಿ ಕಳಚಿ ನಡೆಯಬೇಕಿದ್ದ ಬೀದಿಗಳ ಕತೆ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಸಿಂಧನೂರಿನ ಸುತ್ತ ಕಾಲುವೆಯ ನೀರು ಅರಸಿ ಬಂದು ನೆಲೆಸಿದ ಕುಟುಂಬಗಳಿವೆ, ಬಂಗಾಳದ ಕಡೆಯಿಂದ ಬಂದ ನಿರಾಶ್ರಿತರ ಕ್ಯಾಂಪುಗಳಿವೆ. ಇಂಥಲ್ಲಿ ‘ನಿವಾಸಿಗಳೆಲ್ಲ ಸೇರಿ ಚಿತ್ರ ಬರೆದರು’ ಎಂದು ಹೇಳುವುದು ಸುಲಭ, ಆ ‘ಎಲ್ಲ’ ಎಂಬುದರಲ್ಲಿ ಯಾರು ಯಾರಿದ್ದರು ಎಂದು ಕೇಳುವುದು ಕಷ್ಟ. ಚಿತ್ರ ಒಂದು ಓಣಿಯ ಹೆಮ್ಮೆಯಾಗಿ, ಪಕ್ಕದ ಕೇರಿಗೆ ‘ಇತ್ತ ಬರಬೇಡ’ ಎನ್ನುವ ಗಡಿಯಾದರೆ ಅದರಿಂದ ಕೇಡೇ ಹೆಚ್ಚು.

ಆದ್ದರಿಂದ ಎಲ್ಲಿ ಬರೆಯುತ್ತೇವೆ ಎಂಬುದು ಏನು ಬರೆಯುತ್ತೇವೆ ಎಂಬುದರಷ್ಟೇ ಮುಖ್ಯ. ಎರಡು ಓಣಿ ಕೂಡುವ ಜಾಗ, ಸರಕಾರಿ ಶಾಲೆಯ ಮುಂಭಾಗ, ನೀರಿನ ಟ್ಯಾಂಕಿನ ಹತ್ತಿರದ ತಿರುವು, ಅಂಗನವಾಡಿಯ ದಾರಿ, ಇವು ಯಾರೊಬ್ಬರವೂ ಅಲ್ಲ. ಬರೆಯುವ ವಸ್ತುವಿನಲ್ಲಿಯೂ ವಿವೇಕ ಬೇಕು. ದೇವರ ಚಿತ್ರ, ಮಹಾತ್ಮರ ಮುಖ, ಧರ್ಮದ ಚಿಹ್ನೆ, ಪಕ್ಷದ ಗುರುತು ನೆಲದ ಮೇಲೆ ಬರಬಾರದು. ಅವುಗಳ ಮೇಲೆ ಚಕ್ರ ಹರಿಯುತ್ತದೆ, ಕಾಲು ಬೀಳುತ್ತದೆ, ಜಗಳ ಹುಟ್ಟುತ್ತದೆ. ಚುಕ್ಕಿ, ಎಳೆ, ಬಳ್ಳಿ, ನವಿಲುಗರಿ, ಹತ್ತಿಯ ಕಾಯಿ, ಜೋಳದ ತೆನೆ, ಭತ್ತದ ಗೊನೆ, ಕುಂಟೆಬಿಲ್ಲೆಯ ಮನೆಗಳು ಯಾರನ್ನೂ ನೋಯಿಸುವುದಿಲ್ಲ. ಚುಕ್ಕಿ ರಂಗೋಲಿಗೆ ಇನ್ನೊಂದು ಅನುಕೂಲವಿದೆ. ಚುಕ್ಕಿ ಇಟ್ಟುಕೊಟ್ಟರೆ ಎಳೆ ಕೂಡಿಸಲು ಇಪ್ಪತ್ತು ಕೈ ಒಮ್ಮೆಲೇ ಕೆಲಸ ಮಾಡಬಹುದು. ನಕ್ಷೆ ಹಾಕುವ ವಿದ್ಯೆ ಹೆಣ್ಣುಮಕ್ಕಳ ಬೆರಳ ತುದಿಯಲ್ಲಿಯೇ ಇದೆ, ಕಲಿಸಲು ಪಟ್ಟಣದಿಂದ ಯಾರೂ ಬರಬೇಕಿಲ್ಲ.

ಮಾಡುವುದಾದರೆ

ಮೊದಲ ನಿಯಮ: ಹೆದ್ದಾರಿಯನ್ನು ಮುಟ್ಟಬಾರದು. ಲಾರಿ, ಬಸ್ಸು ಓಡುವ ರಸ್ತೆಯಲ್ಲಿ ಏನು ಬರೆಯಬೇಕು ಎಂಬುದನ್ನು ರಸ್ತೆ ಕಾಂಗ್ರೆಸ್ಸಿನ ಸಂಹಿತೆ ನಿಗದಿ ಮಾಡಿದೆ. ಅಲ್ಲಿ ಬೇಕಾದದ್ದು ಜೀಬ್ರಾ ಪಟ್ಟೆ, ದೀಪ, ದಾಟುವವರಿಗೆ ನಡುವೆ ನಿಲ್ಲುವ ಜಾಗ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಜೀಬ್ರಾ ಪಟ್ಟೆಯ ಮೇಲಿರುವ ಪಾದಚಾರಿಗೆ ವಾಹನ ದಾರಿ ಬಿಡಲೇಬೇಕು. ಅದನ್ನು ಇಲಾಖೆಯಿಂದ ಕೇಳಿ ಪಡೆಯಬೇಕೇ ಹೊರತು ಅದರ ಜಾಗದಲ್ಲಿ ರಂಗೋಲಿ ಬರೆಯಬಾರದು. ಚಿತ್ರಕ್ಕೆ ತಕ್ಕ ಜಾಗ ಹೆದ್ದಾರಿಯಿಂದ ಊರೊಳಗೆ ತಿರುಗುವ ಓಣಿ.

ಎರಡನೆಯದು ಅನುಮತಿ. ಊರೊಳಗಿನ ರಸ್ತೆಗಳು ಸ್ಥಳೀಯ ಸಂಸ್ಥೆಗೆ ಸೇರಿದವು. ಸಿಂಧನೂರಿನಲ್ಲಿ ನಗರಸಭೆ, ಲಿಂಗಸುಗೂರು ಮತ್ತು ಮಸ್ಕಿಯಲ್ಲಿ ಪುರಸಭೆ. ಓಣಿಯವರ ಸಹಿಯೊಂದಿಗೆ, ನಕ್ಷೆಯೊಂದಿಗೆ ವಾರ್ಡಿನ ಸದಸ್ಯರ ಮೂಲಕ ಅರ್ಜಿ ಕೊಟ್ಟು, ಪೊಲೀಸ್ ಠಾಣೆಗೂ ತಿಳಿಸಿ, ಒಂದು ದಿನ ರಸ್ತೆ ಮುಚ್ಚಿಸಿಕೊಳ್ಳುವುದು ಸರಿಯಾದ ದಾರಿ. ಅನುಮತಿಯಿಲ್ಲದೆ ಬರೆದರೆ ಮೊದಲ ಅಪಘಾತದ ಹೊಣೆ ಬರೆದವರ ತಲೆಗೇ ಬರುತ್ತದೆ.

ಮೂರನೆಯದು ಬಣ್ಣ. ಬಾಗಿಲಿಗೆ ಬಳಿಯುವ ನುಣುಪು ಪೇಂಟು ಮಳೆ ಬಿದ್ದಾಗ ಜಾರುತ್ತದೆ, ಬೈಕಿನವರಿಗೆ ಅದು ಯಮಪಾಶ. ರಸ್ತೆಗೆಂದೇ ಮಾಡಿದ ಬಣ್ಣ ತಂದು, ಹಸಿಯಿರುವಾಗಲೇ ಅದರ ಮೇಲೆ ನುಣ್ಣನೆಯ ಮರಳು ಉದುರಿಸಿದರೆ ಚಕ್ರಕ್ಕೆ ಹಿಡಿತ ಸಿಗುತ್ತದೆ. ಕೆಲಸಕ್ಕೆ ಹೊತ್ತೂ ಮುಖ್ಯ. ಮಳೆಗಾಲದಲ್ಲಿ ಬಣ್ಣ ನಿಲ್ಲದು, ಏಪ್ರಿಲ್‌-ಮೇ ತಿಂಗಳ ರಾಯಚೂರಿನ ಬಿಸಿಲಿನಲ್ಲಿ ರಸ್ತೆಯ ಮೇಲೆ ಕೂರಲಾಗದು. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ತಂಪು ದಿನಗಳೇ ಸೂಕ್ತ. ಭತ್ತದ ಸುಗ್ಗಿಯಲ್ಲಿ ಟ್ರ್ಯಾಕ್ಟರಿನ ಚಕ್ರಕ್ಕೆ ಅಂಟಿ ಬರುವ ಎರೆಮಣ್ಣು ಎಂಥ ಬಣ್ಣವನ್ನೂ ಮುಚ್ಚಿಬಿಡುತ್ತದೆ. ಬರೆಯುವ ಮುಂಚೆಯೂ ಬರೆದ ಮೇಲೂ ರಸ್ತೆ ತೊಳೆಯುವ ಕೆಲಸಕ್ಕೆ ಜನ ಬೇಕು.

ನಾಲ್ಕನೆಯದು, ಬಣ್ಣವೊಂದರಿಂದಲೇ ಎಲ್ಲ ಆಗುತ್ತದೆಂದು ನಂಬದಿರುವುದು. ಬಣ್ಣ ಬಳಿದ ಮೂಲೆಯಲ್ಲಿ ನಾಲ್ಕು ಕಲ್ಲುಗಂಬ, ಗಿಡದ ಕುಂಡ ಇಟ್ಟರೆ ಕಣ್ಣಿಗೆ ಕಂಡ ಕಿರಿದು ರಸ್ತೆ ನಿಜವಾಗಿಯೂ ಕಿರಿದಾಗುತ್ತದೆ. ಅಳತೆಗೆ ಸರಿಯಾದ ಹಂಪು ಜತೆಗಿದ್ದರೆ ಇನ್ನೂ ಒಳ್ಳೆಯದು. ಬರೆಯುವ ಮುಂಚೆ ಮತ್ತು ಬರೆದು ಮೂರು ತಿಂಗಳ ಮೇಲೆ, ಹೈಸ್ಕೂಲಿನ ಮಕ್ಕಳೇ 50 ಮೀಟರ್ ಅಳೆದು ಗುರುತಿಟ್ಟು, ಗಡಿಯಾರ ಹಿಡಿದು ವಾಹನಗಳ ವೇಗ ಲೆಕ್ಕ ಹಾಕಬಹುದು. 50 ಮೀಟರನ್ನು 6 ಸೆಕೆಂಡಿನಲ್ಲಿ ದಾಟಿದರೆ ವೇಗ 30 ಕಿಲೋಮೀಟರ್, 4 ಸೆಕೆಂಡಾದರೆ 45. ಗಣಿತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ವೇಗ ಇಳಿದಿದ್ದರೆ ನಗರಸಭೆಯ ಮುಂದೆ ಇಡಲು ಪುರಾವೆಯಾಯಿತು, ಇಳಿಯದಿದ್ದರೆ ಬೇರೆ ಉಪಾಯ ಹುಡುಕಬೇಕೆಂದು ತಿಳಿಯಿತು.

ಅಳಿಸುವುದೇ ಗುಣ

ಕೊನೆಗೊಂದು ಆಕ್ಷೇಪ ಉಳಿಯುತ್ತದೆ. ಎರಡು ವರ್ಷಕ್ಕೆ ಮಾಸುವ ಚಿತ್ರಕ್ಕೆ ಇಷ್ಟೆಲ್ಲ ಪಾಡೇಕೆ? ಕಾಂಕ್ರೀಟಿನ ದಿಬ್ಬ ಹತ್ತು ವರ್ಷ ಇರುತ್ತದಲ್ಲ?

ಮಾಸುವುದೇ ಅದರ ಗುಣ ಎಂದು ಪೋರ್ಟ್‌ಲೆಂಡಿನವರು ಕಂಡುಕೊಂಡಿದ್ದಾರೆ. ಬಣ್ಣ ಮಾಸಿದಾಗ ಓಣಿಯವರು ಮತ್ತೆ ಕೂಡಬೇಕು, ಮತ್ತೆ ಪಟ್ಟಿ ಎತ್ತಬೇಕು, ಹಿಂದಿನ ಸಲ ಬಾರದವರನ್ನು ಕರೆಯಬೇಕು, ಆಚೆಮನೆಗೆ ಹೊಸದಾಗಿ ಬಾಡಿಗೆಗೆ ಬಂದವರ ಹೆಸರು ಕೇಳಬೇಕು. ಹಂಪು ಕಟ್ಟಿದವರು ಮತ್ತೆ ಸೇರುವುದು ಇನ್ನೊಂದು ಅಪಘಾತವಾದಾಗ. ಚಿತ್ರ ಬರೆದವರು ಅಪಘಾತಕ್ಕಾಗಿ ಕಾಯುವುದಿಲ್ಲ. ತನ್ನ ಕೈಯಾರೆ ಎಳೆ ಎಳೆದ ಹುಡುಗ ಮುಂದೆ ಬೈಕು ಹತ್ತಿದಾಗ ಆ ತಿರುವಿನಲ್ಲಿ ತಾನಾಗಿ ವೇಗ ತಗ್ಗಿಸುವ ಸಂಭವವೂ ಇದೆ. ಅದು ಅವನಿಗೆ ಬರೀ ರಸ್ತೆಯಲ್ಲ, ಮನೆಯ ಮುಂದಿನ ಅಂಗಳ.

ನಮ್ಮ ಹೆಣ್ಣುಮಕ್ಕಳಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಿಲ್ಲ. ನಿನ್ನೆ ಹಾಕಿದ ರಂಗೋಲಿ ಇಂದಿಗೆ ನಡೆಯುವುದಿಲ್ಲ ಎಂಬುದು ಅವರಿಗೆ ದಿನದಿನದ ಅನುಭವ. ಬಾಗಿಲ ಮುಂದಿನ ಆ ಗೆರೆಯನ್ನು ನಾಲ್ಕು ಹೆಜ್ಜೆ ಮುಂದಕ್ಕೆ, ಮಕ್ಕಳು ದಾಟುವ ತಿರುವಿನವರೆಗೆ ಎಳೆಯುವುದಷ್ಟೇ ಉಳಿದಿರುವ ಕೆಲಸ. ಆ ನಾಲ್ಕು ಹೆಜ್ಜೆಯನ್ನು ಒಬ್ಬರೇ ಇಡಲಾಗದು, ಓಣಿಗೆ ಓಣಿಯೇ ಹೊರಗೆ ಬರಬೇಕು.